ನೀರು ಹಾಕಬಾರದ ಸಾಲು

ಸಾಲಿನ ಮೊದಲ ಗಿಡದ ಎಲೆಯನ್ನು ಸೊಸೆ ಬೆರಳ ತುದಿಯಿಂದ ಮುಟ್ಟಿದಳಷ್ಟೇ, ಅದು ಕಳಚಿ ಕೈಗೇ ಬಂತು. ಹಳದಿ ಎಲೆ. ಪಕ್ಕದ ಗಿಡವೂ ಹಳದಿ, ಅದರಾಚೆಯದೂ. ಬೆನ್ನ ಹಿಂದೆ ಬೆಂಚುಗಳ ಮೇಲೆ ಪಾಠಕ್ಕೆ ಬಂದ ತೋಟಗಾರರೂ ನರ್ಸರಿಯವರೂ ಕೂತಿದ್ದರು.

ಈ ಪಾಠ ಅವಳದೇ ಹಟ. ಗಿಡಗಳ ಬಗ್ಗೆ ಕಾಲೇಜಿನಲ್ಲಿ ಓದಿ ಅತ್ತೆಯ ನರ್ಸರಿಗೆ ಬಂದವಳು, ಬಿಸಿಲು ವರ್ಷದಿಂದ ವರ್ಷಕ್ಕೆ ಬೇಗ ಬರುವುದನ್ನೂ ಮಳೆ ತಡವಾಗಿ ಬಂದು ಒಂದೇ ಏಟಿಗೆ ಸುರಿದು ಹೋಗುವುದನ್ನೂ ಕಂಡು ಕಂಗಾಲಾಗಿದ್ದಳು. ಇಲ್ಲಿ ನಳನಳಿಸುತ್ತಿದ್ದ ಗಿಡ ಕೊಂಡವರ ಅಂಗಳದಲ್ಲಿ ಸುಟ್ಟು ಕರಕಲಾಗುತ್ತಿತ್ತು. ಹವೆ ಬದಲಾದ ಮೇಲೆ ನಾವು ಬೆಳೆಸುವ ಗಿಡವೂ ಬದಲಾಗಬೇಕು ಎಂದು ಮನೆಮನೆಗೆ ಹೋಗಿ ಹೇಳಿ, ವಾರಕ್ಕೊಂದು ಬೆಳಗಿನ ಪಾಠಕ್ಕೆ ಇವರನ್ನೆಲ್ಲ ಕೂಡಿಸಿದ್ದಳು. ಅತ್ತೆ ಮಾತ್ರ ಎಲ್ಲರೆದುರು ಒಂದು ಷರತ್ತು ಹಾಕಿದ್ದರು. ಕಡಿಮೆ ನೀರಿನ ಗಿಡಗಳು ಈ ಬೇಸಿಗೆ ದಾಟಿ ತೋರಿಸಲಿ. ದಾಟಿದರೆ ಗೇಟಿನ ಪಕ್ಕದ ಜಾಗವೆಲ್ಲ ಅವಕ್ಕೇ, ಇಲ್ಲದಿದ್ದರೆ ಬೆಂಚುಗಳು ಒಳಗೆ, ಪಾಠ ಬಂದ್. ಸೊಸೆ ಒಪ್ಪಿ, ಕುಂಡಗಳನ್ನು ಸಾಲಾಗಿ ಜೋಡಿಸಿ, ವಾರಕ್ಕೊಮ್ಮೆ ನಾನೇ ನೀರು ಹಾಕುತ್ತೇನೆ, ಮತ್ಯಾರೂ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದ್ದಳು.

ತೀರ್ಪಿನ ದಿನ ಇದು.

"ಹೋಗ್ಲಿ ಬಿಡು ಮಗಳೇ," ಎಂದರು ಅತ್ತೆ, ಅವಳ ಮುಖ ನೋಡದೆ. "ಎಲ್ಲಾ ಗಿಡಾನೂ ಎಲ್ಲರ ಕೈಗೂ ಒಗ್ಗಲ್ಲ."

ಗೆದ್ದವರ ದನಿಯಾಗಿರಲಿಲ್ಲ ಅದು. ಸೊಸೆ ಮೊದಲ ಕುಂಡವನ್ನು ತೆಗೆದಿಡಲು ಬಗ್ಗಿದಳು. ಎತ್ತಿದವಳು ಹಾಗೇ ನಿಂತಳು. ಒಣಗಿದ ಕುಂಡ ಹಗುರವಾಗಿರಬೇಕು. ಇದು ಕೂಸಿನ ಹಾಗೆ ಭಾರವಾಗಿತ್ತು. ಕುಂಡ ಬೋರಲು ಮಾಡಿ ಅಂಚಿಗೆ ತಟ್ಟಿದಳು. ಮಣ್ಣಿನ ಹೆಂಟೆ ಪಚಕ್ಕೆಂದು ಅಂಗೈಗೆ ಬಿತ್ತು. ಬೇರುಗಳೆಲ್ಲ ಕಂದಾಗಿ ಕೊಳೆತಿದ್ದವು, ಹುಳಿ ವಾಸನೆ.

"ಇದು ಬಾಯಾರಿ ಸತ್ತಿಲ್ಲ," ಎಂದಳು ನಿಧಾನವಾಗಿ. "ಮುಳುಗಿ ಸತ್ತಿದೆ. ಯಾರು ನೀರು ಹಾಕಿದ್ದು?"

ಹುಲ್ಲುಹಾಸು ಹಾಸುವ, ಎಲ್ಲರ ಬಾಯಲ್ಲಿ ಹುಲ್ಲಣ್ಣನೇ ಆಗಿಹೋದ ದಪ್ಪ ಮನುಷ್ಯ ತನ್ನ ಚಪ್ಪಲಿಯನ್ನೇ ಪರೀಕ್ಷಿಸತೊಡಗಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ಬಾಟ್ಲೀಲಿ ಉಳಿದಿದ್ದ ನನ್ನ ಕುಡಿಯೋ ನೀರು ಅಷ್ಟೇ ಕಣಮ್ಮ," ಎಂದ ಕೊನೆಗೆ. "ಪಾಠ ಮುಗಿಸಿ ಹೊರಟ್ರೆ ಗಿಡ ನನ್ನ ಮುಖಾನೇ ನೋಡ್ತಿತ್ತು. ಹೆಂಗೆ ಹೋಗ್ಲಿ?"

ಗುಲಾಬಿ ಕಸಿ ಕಟ್ಟುವ ಅಕ್ಕ ಅವನಿಗೆ ನಾಚಿಕೆಯಿಲ್ಲವೇ ಎಂದು ಬೈದಳು. ಬೈದು ಮುಗಿಸುವಷ್ಟರಲ್ಲಿ, ದಿನಾ ಈ ದಾರಿಯಲ್ಲೇ ಹೋಗುವ ತಾನೂ ಒಂದೊಂದು ಮಗ್ ಹಾಕುತ್ತಿದ್ದುದನ್ನು ಒಪ್ಪಿಕೊಂಡಿದ್ದಳು. ಬೇರೆ ಯಾರೂ ಹಾಕುವುದಿಲ್ಲವಲ್ಲ ಪಾಪ, ಎಂದು ಅವಳ ಲೆಕ್ಕಾಚಾರ. ಕಳ್ಳಿಗಿಡ ಮಾರುವವನೂ ಕೈ ಎತ್ತಿದಾಗ ಬೆಂಚುಗಳು ನಗೆಯಲ್ಲಿ ಅಲುಗಾಡಿದವು.

ನಗದಿದ್ದವರು ಅತ್ತೆ ಒಬ್ಬರೇ.

"ಅತ್ತೆ?" ಎಂದಳು ಸೊಸೆ.

"ನನ್ನನ್ಯಾಕೆ ನೋಡ್ತೀಯ?" ಎಂದವರು ದನಿ ಇಳಿಸಿ ಹೇಳಿದರು, "ಇಷ್ಟು ಜನರೆದುರು ನೀನು ಸೋತ್ರೆ ನನ್ನ ಕೈಲಿ ನೋಡಕ್ಕಾಗ್ತಿರ್ಲಿಲ್ಲ. ಅದಕ್ಕೇ ಬೆಳಗ್ಗೆ ಎದ್ದು ಒಂಚೂರು ಪೈಪ್ ಹಿಡೀತಿದ್ದೆ. ನಾನು ಹಿಡಿದ್ರೂ ಹಿಂಗಾಯ್ತಲ್ಲ ಅಂತ ರಾತ್ರಿಯೆಲ್ಲ ಸಂಕಟ."

ಸೊಸೆಗೆ ನಗು ಬಂತು. ಕೆಸರು ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಮಣ್ಣು ಮಾಡಿಕೊಂಡಳು. ಅಂದುಕೊಂಡಿದ್ದ ಪಾಠವನ್ನು ಬದಿಗಿಟ್ಟು, ಕೊಳೆತ ಬೇರಿನ ಹೆಂಟೆಯನ್ನು ಬೆಂಚಿನಿಂದ ಬೆಂಚಿಗೆ ಕಳಿಸಿದಳು. ಒಬ್ಬೊಬ್ಬರೂ ಮೂಸಿ, ಮೂಗು ಮುಚ್ಚಿ, ಪಕ್ಕದವರಿಗೆ ದಾಟಿಸಿದರು. ಕಡಿಮೆ ನೀರಿನ ಗಿಡದ ಬೇರು ಉಸಿರಾಡುವುದು ಹೇಗೆ, ಬಿಸಿಲನ್ನು ಅದು ತಡೆದುಕೊಳ್ಳುವುದು ಹೇಗೆ ಎಂದು ಅವಳು ಹೇಳಿದಳು. ಅಷ್ಟು ಪ್ರಶ್ನೆ ಯಾವ ವಾರವೂ ಬಂದಿರಲಿಲ್ಲ.

ಷರತ್ತನ್ನು ಅತ್ತೆಯೇ ಹೊಸದಾಗಿ ಹಾಕಿದರು. ಬೆಂಚುಗಳು ಇದ್ದಲ್ಲೇ ಇರಲಿ, ಹೊಸ ಸಸಿ ಇಡಲಿ, ಕಾವಲಿಗೆ ತಾನೇ ಕೂರುವುದು.

ಮಧ್ಯಾಹ್ನ ಸೊಸೆ ಹಸಿರು ಬಲೆಯ ನೆರಳಿನಿಂದ ಇಣುಕಿದಳು. ಬಿಸಿಲಿಗೆ ಹೊಸ ಸಾಲಿನ ಎಲೆಗಳು ತುಸು ತಲೆ ಬಾಗಿಸಿದ್ದವು. ಎದುರಿಗೆ ಕುರ್ಚಿ ಹಾಕಿಕೊಂಡು, ಎರಡೂ ಕೈಗಳನ್ನು ತೊಡೆಯಡಿ ಬಿಗಿಯಾಗಿ ಸೇರಿಸಿಕೊಂಡು ಅತ್ತೆ ಕೂತಿದ್ದರು.