ಕೇಸರಿಬಾಯಿ ಹಿಂದಕ್ಕೆ ತೆಗೆದುಕೊಳ್ಳದ ಮಾತು

ಚಿಗಳ್ಳಿಯ ಗದ್ದೆಗಳಲ್ಲಿ ಕಸ ಕೀಳುವ ಹೆಣ್ಣಾಳುಗಳಿಗೆ ಕೇಸರಿಬಾಯಿಯೇ ಮುಂದಾಳು. ಯಾರೂ ಅವಳಿಗೆ ಪಟ್ಟ ಕಟ್ಟಿರಲಿಲ್ಲ. ಮುಂಗಾರು ಹಿಡಿದು, ಕೂರಿಗೆಯಲ್ಲಿ ಬಿತ್ತಿದ ಭತ್ತ ಗೇಣುದ್ದ ಎದ್ದು ನಿಂತಾಗ, ಊರ ಪಕ್ಕದ ಲಂಬಾಣಿ ತಾಂಡಾದ ಹೆಂಗಸರು ತಾವಾಗಿಯೇ ಅವಳ ಹಿಂದೆ ಹೊರಡುತ್ತಿದ್ದರು, ಅಷ್ಟೇ. ಅವಳ ಕೈ ಓಡುವುದನ್ನು ನೋಡಿದವರು ಕಾರಣ ಕೇಳುತ್ತಿರಲಿಲ್ಲ. ಭತ್ತದ ವೇಷ ಹಾಕಿಕೊಂಡು ಭತ್ತದ ಬುಡದಲ್ಲೇ ಅಡಗಿ ಕುಳಿತ ಹುಲ್ಲನ್ನು ಅವಳು ಮಾತಾಡುತ್ತಲೇ, ಬೇರೆಲ್ಲೋ ನೋಡುತ್ತಲೇ ಕಿತ್ತು ಬದುವಿಗೆ ಎಸೆಯುತ್ತಿದ್ದಳು. ಬಾಯಿಯೂ ಕೈಯಷ್ಟೇ ಚುರುಕು. ಎದುರಿಗಿದ್ದವನು ಸಾವಕಾರನಾಗಲಿ, ಸಾವಕಾರನ ಅಪ್ಪನಾಗಲಿ, ಅನ್ನಿಸಿದ್ದನ್ನು ಅಂದೇಬಿಡುವವಳು. ಆ ಬಾಯಿಯೇ ಅವಳಿಗೆ ಮುಳುವಾಯಿತು ಎನ್ನುವವರು ಊರಲ್ಲಿದ್ದಾರೆ. ಅವರು ಕಥೆಯನ್ನು ಅರ್ಧಕ್ಕೇ ಕೇಳಿ ಎದ್ದು ಹೋದವರು.

ಆಗ ಊರು ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಆ ಮಳೆಗಾಲಕ್ಕೆ ಸೊಸೈಟಿಗೆ ಒಂದು ಹಿತ್ತಾಳೆಯ ಪಂಪು ಬಂತು. ಬೆನ್ನಿಗೆ ಕಟ್ಟಿಕೊಂಡು ಒಂದು ಕೈಯಿಂದ ಹಿಡಿಕೆ ಆಡಿಸುತ್ತ, ಇನ್ನೊಂದು ಕೈಯಿಂದ ಉದ್ದನೆಯ ಕೊಳವೆ ಹಿಡಿದು ಸಿಂಪಡಿಸುವ ಪಂಪು. ಅದರ ಜೊತೆ ಡಬ್ಬಿಯಲ್ಲಿ ಕಸ ಸಾಯಿಸುವ ಔಷಧವೂ ಬಂತು. ಊರಿನವರು ಅದಕ್ಕೆ ಕಸದ ಎಣ್ಣೆ ಎಂದು ಹೆಸರಿಟ್ಟರು. ಅಗಲ ಎಲೆಯ ಕಸವೆಲ್ಲ ಅದರಿಂದ ಮುರುಟಿ ಸಾಯುತ್ತದೆ, ಭತ್ತಕ್ಕೆ ಏನೂ ಆಗುವುದಿಲ್ಲ ಎಂದರೆ ಯಾರಿಗೆ ತಾನೇ ಬಾಯಲ್ಲಿ ನೀರೂರುವುದಿಲ್ಲ?

ಪಂಪು ಹೊಡೆಯುವ ಕೆಲಸಕ್ಕೆ ಮುಂದೆ ಬಂದ ಊರಿನ ರೈತ ಶೇಖಪ್ಪನ ಸುಪರ್ದಿಗೆ ಅದು ಬಂತು. ಮುಂಡಗೋಡದಿಂದ ಬಂದ ಗ್ರಾಮಸೇವಕ ಅವನನ್ನು ಕೂಡಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದ್ದ. ಡಬ್ಬಿಯ ಜೊತೆ ಕೊಟ್ಟ ಅಳತೆಯಲ್ಲೇ ಹಾಕು, ಕೈಯಿಂದ ಕಲಸಬೇಡ, ಕೋಲಿನಿಂದ ಕಲಸು. ಗಾಳಿ ಇದ್ದರೆ ಮನೆಗೆ ಹೋಗು. ಕೆಲಸ ಮುಗಿದ ಮೇಲೆ ಬಟ್ಟೆ ಒಗೆಯುವ ಸೋಡಾ ನೀರಿನಲ್ಲಿ ಕಲಸಿ ಪಂಪಿಗೆ ತುಂಬಿ ಬೆಳಗಿನವರೆಗೆ ಬಿಡು, ಆಮೇಲೆ ಅದನ್ನು ಕೊಳವೆಯಿಂದಲೇ ಹೊರಹಾಕು. ಶೇಖಪ್ಪ ಎಲ್ಲದಕ್ಕೂ ತಲೆ ಆಡಿಸಿದ. ಕಣ್ಣು ಮಾತ್ರ ಪಂಪಿನ ಮೇಲಿತ್ತು. ಮದುಮಗಳನ್ನು ನೋಡುವವನು ಬೀಗರ ಮಾತನ್ನು ಎಷ್ಟು ಕೇಳಿಸಿಕೊಳ್ಳುತ್ತಾನೋ ಅಷ್ಟೇ ಅವನು ಕೇಳಿಸಿಕೊಂಡದ್ದು.

ಊರಲ್ಲೇ ದೊಡ್ಡ ಗದ್ದೆ ಕರಿಬಸಪ್ಪ ಸಾವಕಾರನದು. ಕೇಸರಿಬಾಯಿ ಎಂದಿನಂತೆ ಹೆಂಗಸರನ್ನು ಕಟ್ಟಿಕೊಂಡು ಅಲ್ಲಿಗೆ ಹೋದಳು. ಕರಿಬಸಪ್ಪ ಬದುವಿನ ಮೇಲೆಯೇ ತಡೆದ.

"ಈ ವರ್ಷ ಕಸ ತಗಿಯೂದು ಬ್ಯಾಡವಾ. ಪಂಪು ಬಂದೈತಿ."

ಕೇಸರಿಬಾಯಿ ಗದ್ದೆಯನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು. "ನಮ್ಮ ಕೈ ಬ್ಯಾಡಾತು ಅನ್ರಿ. ನೋಡೂಣು ಸಾವಕಾರ್ರ, ನಿಮ್ಮ ಪೀಕು ಹೆಂಗ ಬರತೈತಿ ನೋಡೂಣು" ಎಂದಳು. ಸಿಟ್ಟು ಬಂದಿತ್ತು, ಅಂದಳು, ತಾಂಡಾಕ್ಕೆ ಹೊರಟಳು.

ಶೇಖಪ್ಪ ಪಂಪು ಹೊತ್ತದ್ದು ಪಡುವಣ ಗಾಳಿ ಜೋರಾಗಿದ್ದ ದಿನ. ನೋಡಲು ಊರಿನ ಅರ್ಧ ಜನ ಬಂದು ನಿಂತಿರುವಾಗ ಗಾಳಿ ಐತಿ ಎಂದು ಮನೆಗೆ ಹೋಗುವುದು ಹೇಗೆ? ಎಲ್ಲರಿಗೂ ಕಾಣಲಿ ಎಂದು ಕೊಳವೆಯನ್ನು ಎತ್ತರಿಸಿ ಹಿಡಿದು ಹೊಡೆದ. ಸಂಜೆ ಹುಣಸೆಹಣ್ಣು, ಬೂದಿ ಹಾಕಿ ಪಂಪನ್ನು ಉಜ್ಜಿದ, ಮುಖ ಕಾಣುವಷ್ಟು ಉಜ್ಜಿದ. ಒಳಗೆ ಒಂದು ಕೊಡ ನೀರು ಕುಲುಕಿ ಚೆಲ್ಲಿದ. ಅಲ್ಲಿಗೆ ತೊಳೆದದ್ದು ಮುಗಿಯಿತು.

ಗದ್ದೆಯ ಕಸ ಬಾಡಿತು, ಜನ ಭಲೇ ಎಂದರು. ಆದರೆ ಕೆಲವೇ ದಿನಗಳಲ್ಲಿ, ಗದ್ದೆಗೆ ಹತ್ತಿದ ಮೂಡಣ ಪಟ್ಟಿಯಲ್ಲಿ ಕರಿಬಸಪ್ಪ ಹಚ್ಚಿದ್ದ ಮೆಣಸಿನ ಸಸಿಗಳು ಸೊಟ್ಟಗಾದವು. ಎಲೆ ಸುರುಳಿ ಸುತ್ತಿಕೊಂಡಿತು, ಕುಡಿ ತಿರುಚಿ ನೆಲ ನೋಡಿತು. ಅಂಥದ್ದನ್ನು ಊರಿನ ಯಾವ ಮುದುಕನೂ ನೋಡಿರಲಿಲ್ಲ. ಅಷ್ಟರಲ್ಲಿ ಊರಿನ ಆಚೆ ತುದಿಯಲ್ಲಿ, ಕೆರೆಯ ಹತ್ತಿರ, ಶೇಖಪ್ಪನ ಸ್ವಂತ ಮೆಣಸಿನಕಾಯಿ ಹೊಲಕ್ಕೂ ಅದೇ ಗತಿಯಾಯಿತು. ಅಲ್ಲಿ ಕಸದ ಎಣ್ಣೆಯ ಹನಿಯೂ ಬಿದ್ದಿರಲಿಲ್ಲ. ಅವನು ಅದೇ ಪಂಪಿನಿಂದ ನುಸಿ ಹುಳಕ್ಕೆ ಮಾತ್ರ ಔಷಧ ಹೊಡೆದಿದ್ದ. ಇಷ್ಟಾದ ಮೇಲೆ ಜನಕ್ಕೆ ಬದುವಿನ ಮೇಲಿನ ಮಾತು ನೆನಪಾಗದೆ ಇರುತ್ತದೆಯೇ? ಕೇಸರಿಬಾಯಿ ನೋಡೂಣು ಅಂದಿದ್ದಳಲ್ಲ! ಮಾಟ ಎಂದು ಮೊದಲು ಅಂದವನು ಕರಿಬಸಪ್ಪ. ಜನ ಕಣ್ಣು ಎಂದರು, ನಾಲಿಗೆಯ ಮೇಲೆ ಮಚ್ಚೆ ಇದೆ ಎಂದರು. ಅವಳ ನಾಲಿಗೆಯನ್ನು ಇವರು ಯಾವಾಗ ನೋಡಿದ್ದರೋ ಆ ದೇವರೇ ಬಲ್ಲ.

ಊರು ತಾಂಡಾದ ಹೆಂಗಸರಿಗೆಲ್ಲ ಹೊಲದ ದಾರಿ ಮುಚ್ಚಿತು. ಔಷಧಕ್ಕೆ ಜಗ್ಗದ ಹುಲ್ಲು ಭತ್ತದ ನಡುವೆ ತಲೆ ಎತ್ತುತ್ತಿದ್ದರೂ ಯಾರೂ ಅವರನ್ನು ಕರೆಯಲಿಲ್ಲ. ತಾಂಡಾದ ನಾಯಕ ಭೀಮಸಿಂಗ್ ಊರಿಗೆ ಹೋಗಿ ಮಾತಾಡಿ ಒಂದು ಒಪ್ಪಂದ ಮಾಡಿಕೊಂಡು ಬಂದ. ಅವನ ಪಾಲಿಗೆ ಅದು ಸುಲಭದ ಒಪ್ಪಂದ.

"ಕರಿಬಸಪ್ಪನ ಹೊಲಕ್ಕ ಒಂದು ಕಾಯಿ ತಗೊಂಡು ಹೋಗು. ನನ್ನ ಮಾತು ಹಿಂದಕ್ಕ ತಗೊಂಡೇನಿ ಅನ್ನು. ಕಾಯಿ ಒಡದು ಬಾ. ನಾಳಿಂದ ಎಲ್ಲಾರಿಗೂ ಕೆಲಸ" ಎಂದ.

"ಕೊಡದ ಶಾಪ ಹೆಂಗ ಹಿಂದಕ್ಕ ತಗೊಳ್ಳಲಿ?" ಎಂದಳು ಕೇಸರಿಬಾಯಿ.

"ಬಾಯಿ ಮಾತು. ನಿನ್ನ ಗಂಟೇನು ಹೋಗತೈತಿ?"

ಸೊಸೆ ಗೌರಿಬಾಯಿಯೂ ಹತ್ತಿರ ಬಂದು ಕುಳಿತಳು. ಅತ್ತೆಯನ್ನು ಅವಳು ಹೆತ್ತ ತಾಯಿಯನ್ನು ಕರೆದಂತೆ ಯಾಡಿ ಎಂದೇ ಕರೆಯುತ್ತಿದ್ದಳು. "ಯಾಡಿ, ಅಂದು ಬಂದ್ಬಿಡು. ಎಲ್ಲಾರೂ ನಮ್ಮ ಮ್ಯಾಲೇ ಮುನಿಸ್ಕೊಂಡಾರ."

ಕೇಸರಿಬಾಯಿ ಸೊಸೆಯ ಮುಖವನ್ನೇ ನೋಡಿದಳು. "ಇವತ್ತ ಹಿಂದಕ್ಕ ತಗೊಂಡ್ರ, ನಾ ಮಾಟ ಮಾಡಿದ್ದು ಖರೆ ಅಂತ ಆತು. ನಾಳೆ ಯಾರದರ ಎಮ್ಮಿ ಹಾಲು ಕೊಡದಿದ್ರೂ ನಮ್ಮ ಬಾಗಿಲಿಗೆ ಬರ್ತಾರ. ಯಾರದರ ಕೂಸಿಗೆ ಜ್ವರ ಬಂದ್ರೂ ನಮ್ಮ ಬಾಗಿಲಿಗೇ ಬರ್ತಾರ. ನಾ ಸತ್ತ ಮ್ಯಾಲ ಆ ಬಾಗಿಲಾಗ ನಿಲ್ಲಾಕಿ ನೀನು. ಅದಕ್ಕ ನೀ ತಯಾರದಿ ಏನು?"

ಭೀಮಸಿಂಗ್ ತಲೆ ಕೊಡವಿ ಎದ್ದು ಹೋದ.

ಮರುದಿನ ಕೇಸರಿಬಾಯಿ ಕಾಯಿ ಇಲ್ಲದೆ, ಬರಿಗೈಯಲ್ಲಿ ಕರಿಬಸಪ್ಪನ ಮನೆಗೆ ಹೋದಳು. ತಪ್ಪು ಮಾಡದೆ ಅಡಗಿ ಕೂರುವುದು ಅವಳಿಗೆ ಆಗಿಬರುವ ಕೆಲಸವಾಗಿರಲಿಲ್ಲ. ಅಂಗಳದಲ್ಲಿ ಜನ ಸೇರಿದ್ದರು. ಮೆಣಸಿನ ಸುದ್ದಿ ಕೇಳಿ ಗ್ರಾಮಸೇವಕ ಬಂದಿದ್ದ. ಹೊಲ ನೋಡಿ ಬಂದ ಅವನು ತಿರುಚಿದ ಒಂದು ಸಸಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳುತ್ತಿದ್ದ.

"ಇದು ಮಾಟ ಅಲ್ರಿ, ಕಸದ ಎಣ್ಣಿ. ಸಾವಕಾರ್ರ ಹೊಲಕ್ಕ ಗಾಳಿ ಹೊತ್ಕೊಂಡು ಹೋಗೇತಿ. ಶೇಖಪ್ಪನ ಹೊಲಕ್ಕ ಪಂಪಿನ್ಯಾಗ ಉಳದದ್ದು ಹೋಗೇತಿ. ಮೆಣಸಿನ ಗಿಡಕ್ಕ ಅದರ ವಾಸನಿ ಹತ್ತಿದ್ರೂ ಸಾಕು."

ಶೇಖಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಪಂಪನ್ನು ಎತ್ತಿ ತಂದು ಎಲ್ಲರೆದುರು ಇಟ್ಟ. "ನೋಡ್ರಿ ಸಾಹೇಬ್ರ, ಕನ್ನಡಿ ಹಂಗ ಹೊಳೀತೈತಿ. ಇದರಾಗ ಹೊಲಸು ಐತಿ ಅಂತೀರಿ?"

ಪಂಪು ನಿಜವಾಗಿಯೂ ಹೊಳೆಯುತ್ತಿತ್ತು. ಜನ ಪಂಪನ್ನು ನೋಡಿದರು, ಬಾಗಿಲಲ್ಲಿ ನಿಂತ ಕೇಸರಿಬಾಯಿಯನ್ನು ನೋಡಿದರು. ಯಾರ ಕಡೆ ವಾಲಿದರು ಎಂದು ಅವರ ಮುಖವೇ ಹೇಳುತ್ತಿತ್ತು.

"ಅಷ್ಟು ಸ್ವಚ್ಛ ಇದ್ರ ಬರೇ ನೀರು ತುಂಬಿ ಯಾವುದರ ಬಳ್ಳಿ ಮ್ಯಾಲ ಹೊಡೀರಿ" ಎಂದಳು ಕೇಸರಿಬಾಯಿ. "ಬಳ್ಳಿ ಚಂದ ಇದ್ರ ಮಾಟ ನಂದು."

"ಪಂಪು ತೊಳದದ್ದು ಸಾಲತೈತೋ ಇಲ್ಲೋ ಅಂತ ನಾವೂ ಹಿಂಗ ನೋಡ್ತೇವಿ" ಎಂದ ಗ್ರಾಮಸೇವಕ.

ಕರಿಬಸಪ್ಪ ಅಷ್ಟಕ್ಕೆ ಒಪ್ಪಲಿಲ್ಲ. "ಹಂಗಾರ ಇನ್ನೊಂದು ಬಳ್ಳಿಗೆ ನೀನ ನಿನ್ನ ಕೈಲೆ ನೀರು ಚಿಮುಕಿಸು. ಯಾವುದು ಸಾಯತೈತಿ ನೋಡೂಣು."

ಈ ಸಲ ನೋಡೂಣು ಅಂದವನು ಅವನು. ಅದನ್ನು ಯಾರೂ ಮಾಟ ಅನ್ನಲಿಲ್ಲ.

ಬಳ್ಳಿ ಕೊಡುವವರು ಯಾರು? ಎಲ್ಲರೂ ಪಕ್ಕದವನ ಮುಖ ನೋಡಿದರು. ಆಗ ಒಳಗಿನಿಂದ ಕರಿಬಸಪ್ಪನ ಹೆಂಡತಿ ಕಾಶೆವ್ವ ಹೊರಗೆ ಬಂದಳು. "ನನ್ನ ಹಿತ್ತಲದಾಗ ಎರಡು ಹೀರಿಬಳ್ಳಿ ಅದಾವು, ಬರ್ರಿ" ಎಂದಳು. ಗಂಡ ಕಣ್ಣು ಕೆಕ್ಕರಿಸಿದ. ಅವಳು ಆ ಕಡೆ ನೋಡಲೇ ಇಲ್ಲ.

ಶೇಖಪ್ಪ ಪಂಪಿಗೆ ಬಾವಿಯ ನೀರು ತುಂಬಿ ಒಂದು ಬಳ್ಳಿಗೆ ಹೊಡೆದ. ಅದೇ ಬಾವಿಯ ನೀರನ್ನು ಕೇಸರಿಬಾಯಿ ತಂಬಿಗೆಯಲ್ಲಿ ತುಂಬಿಕೊಂಡು ಇನ್ನೊಂದು ಬಳ್ಳಿಗೆ ಕೈಯಿಂದ ಚಿಮುಕಿಸಿದಳು. ಮನೆಗೆ ಬರುವಾಗ ಮಾತ್ರ ಅವಳಿಗೆ ಒಂದೊಂದೇ ಹೊಳೆಯತೊಡಗಿತು. ಹುಳ ಬಿದ್ದೀತು, ಆಡು ಬಾಯಿ ಹಾಕೀತು, ಆಗದವರು ಯಾರಾದರೂ ಬೇರು ಕಿತ್ತಾರು. ಒಂದು ಹೀರೆಬಳ್ಳಿಗೆ ತನ್ನ ಹೆಸರು, ಸೊಸೆಯ ಹೆಸರು, ತಾಂಡಾದ ಹೆಂಗಸರ ಕೂಲಿ ಎಲ್ಲವನ್ನೂ ಕಟ್ಟಿ ಬಂದಿದ್ದಳು. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಹಿತ್ತಲಿನ ಕಡೆ ಮತ್ತೆ ಸುಳಿಯಲೂ ಇಲ್ಲ. ಸುಳಿದರೆ ಅದಕ್ಕೂ ಒಂದು ಅರ್ಥ ಕಟ್ಟುತ್ತಾರೆಂದು ಅವಳಿಗೆ ಗೊತ್ತಿತ್ತು.

ಬಳ್ಳಿ ಕಾಯ್ದವಳು ಕಾಶೆವ್ವ. ಕೈಯಲ್ಲಿ ಕೋಲು ಹಿಡಿದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದಳು. ಆಡಿನ ಮಾತಿರಲಿ, ಗಂಡನನ್ನೂ ಹತ್ತಿರ ಬಿಡಲಿಲ್ಲ. ಮರುದಿನ ಸಂಜೆಗೇ ಪಂಪಿನ ನೀರು ಬಿದ್ದ ಬಳ್ಳಿಯ ಕುಡಿ ಕೆಳಗೆ ಬಾಗಿತು. ಆಮೇಲೆ ಎಲೆ ಸುರುಳಿ ಸುತ್ತಿತು, ಕಾಂಡ ಹಗ್ಗದ ಹಾಗೆ ಹೊಸೆದುಕೊಂಡಿತು. ಕೇಸರಿಬಾಯಿ ನೀರು ಚಿಮುಕಿಸಿದ ಬಳ್ಳಿ ಸಂಜೆಯಾಗುತ್ತಲೇ ಹಳದಿ ಹೂ ಬಿಟ್ಟು ನಿಲ್ಲುತ್ತಿತ್ತು. ವಾರ ಕಳೆಯುವುದರೊಳಗೆ ಬೆರಳುದ್ದದ ಎಳೆಗಾಯಿಯೂ ಬಂತು. ಕಾಶೆವ್ವ ಓಣಿಯ ಹೆಂಗಸರನ್ನೆಲ್ಲ ಕರೆದು ಕರೆದು ತೋರಿಸಿದಳು.

ಹೆಚ್ಚು ನೋಡಿದವನು ಶೇಖಪ್ಪ. ಆ ತಿರುಚಿದ ಬಳ್ಳಿಯ ಮುಂದೆ ಅವನು ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತಿದ್ದ. ತನ್ನ ಹೊಲ ಕೆಡಿಸಿದವನು ತಾನೇ ಎಂದು ಒಪ್ಪಿಕೊಳ್ಳಲು ಗಂಡಸಿಗೆ ಅಷ್ಟು ಹೊತ್ತು ಬೇಕೇ ಬೇಕು. ಎದ್ದವನು ನೇರ ಮುಂಡಗೋಡಕ್ಕೆ ನಡೆದು ಗ್ರಾಮಸೇವಕನನ್ನು ಕರೆತಂದ. "ಸಾಹೇಬ್ರ, ಮೊದಲಿಂದ ಹೇಳ್ರಿ. ಈ ಸಲ ಕೇಳ್ತೇನಿ" ಎಂದ.

ಅವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಆಮೇಲೆ ಅವನಷ್ಟು ಶಿಸ್ತಿನಿಂದ ಪಂಪು ತೊಳೆದವರು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ಸೋಡಾ ನೀರು ತುಂಬಿ ಬೆಳಗಿನವರೆಗೆ ಇಟ್ಟ, ಹಿಡಿಕೆ ಹೊಡೆದು ಕೊಳವೆಯಿಂದ, ಮೂತಿಯಿಂದ ಹೊರಹಾಕಿದ, ಮತ್ತೆ ಮತ್ತೆ ಸ್ವಚ್ಛ ನೀರಿನಲ್ಲಿ ಜಾಲಾಡಿದ. ಆ ನೀರನ್ನು ಬಾವಿ, ಹಳ್ಳದ ಕಡೆ ಬಿಡದೆ ದೂರದ ಬೀಳು ನೆಲದಲ್ಲಿ ಗುಂಡಿ ತೋಡಿ ಸುರಿದ. ತೊಳೆದ ಪಂಪಿನ ನೀರನ್ನು ತನ್ನ ಮನೆಯ ಸೌತೆಬಳ್ಳಿಗೇ ಹೊಡೆದು ಕಾದು ನೋಡಿದ. ಬಳ್ಳಿ ನಗುತ್ತ ನಿಂತ ಮೇಲೆಯೇ ಪಂಪನ್ನು ಸೊಸೈಟಿಗೆ ಒಯ್ದ. ಮುಂದೆ ಮೆಣಸು, ಹತ್ತಿ ಇರುವ ಹೊಲದ ಪಕ್ಕದ ಗದ್ದೆಯಲ್ಲಿ ಅಂಚಿನ ಪಟ್ಟಿಗೆ ಎಣ್ಣೆ ಹೊಡೆಯಕೂಡದು, ಅಲ್ಲಿನ ಕಸವನ್ನು ಕೈಯಿಂದಲೇ ಕೀಳಿಸಬೇಕು ಎಂದು ಗ್ರಾಮಸೇವಕ ಕಟ್ಟುಮಾಡಿದ. ನಡುವಿನ ಹುಲ್ಲಂತೂ ಹೇಗೂ ಕೈಯನ್ನೇ ಕಾಯುತ್ತಿತ್ತು.

ಕರಿಬಸಪ್ಪ ತಾಂಡಾಕ್ಕೆ ಹೇಳಿ ಕಳಿಸಿದ, ನಾಳೆ ಕೆಲಸಕ್ಕೆ ಬರಬೇಕು ಎಂದು. ಕೆಲಸಕ್ಕೆ ಬರಬೇಕು, ಅಷ್ಟೇ. ಬೇರೆ ಮಾತಿರಲಿಲ್ಲ.

ಹೆಂಗಸರು ಸಂಭ್ರಮದಿಂದ ಹೊರಟರು. ಕೇಸರಿಬಾಯಿ ಮುಂದೆ ನಡೆದಳು, ಬದುವಿನವರೆಗೆ ಬಂದಳು, ನಿಂತಳು. ಅವಳು ಇಳಿಯದೆ ಉಳಿದವರೂ ಇಳಿಯಲಿಲ್ಲ. ಗದ್ದೆಯ ಆಚೆ ಅಂಚಿನಲ್ಲಿ ಶೇಖಪ್ಪ, ಭೀಮಸಿಂಗ್, ಊರಿನ ನಾಲ್ಕು ಜನ ಇದ್ದರು.

"ಇಳೀರಿ, ಹೊತ್ತಾತು" ಎಂದ ಕರಿಬಸಪ್ಪ.

"ನನ್ನ ಮ್ಯಾಲ ಒಂದು ಮಾತು ಹೊರಿಸಿದ್ರಿ, ಸಾವಕಾರ್ರ."

ಕರಿಬಸಪ್ಪ ಕೆಮ್ಮಿದ. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ. "ಆತು ಬಿಡವಾ. ತಪ್ಪು ಪಂಪಿಂದು."

ಭೀಮಸಿಂಗ್ ಸಾಕು ಎಂಬಂತೆ ಅವಳಿಗೆ ಕಣ್ಸನ್ನೆ ಮಾಡಿದ. ಹೆಂಗಸರಲ್ಲಿ ಒಬ್ಬಿಬ್ಬರು ಆಗಲೇ ಲಂಗ ಮೇಲಕ್ಕೆ ಸಿಕ್ಕಿಸತೊಡಗಿದ್ದರು. ಕೇಸರಿಬಾಯಿ ಕದಲಲಿಲ್ಲ.

"ಪಂಪಿಗೆ ಬಾಯಿಲ್ರಿ" ಎಂದಳು. "ಅದು ಗಿಡ ಸಾಯಿಸೇತಿ, ಖರೆ. ನನ್ನ ಹೆಸರು ತಗದದ್ದು ಪಂಪಲ್ಲ."

ಗೌರಿಬಾಯಿ ಮುಂದೆ ಬಂದು ಅತ್ತೆಯ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವ ಹಾಗೆ ನಿಂತಳು. ಅತ್ತೆ ಯಾಕೆ ಅಷ್ಟು ದಿನ ಹಸಿವನ್ನೂ ಬೈಗಳನ್ನೂ ತಡೆದುಕೊಂಡಳು ಎಂಬುದು ಅವಳಿಗೆ ಈಗ ಪೂರ್ತಿ ತಿಳಿದಿತ್ತು. ಈ ಹೆಂಗಸಿನ ಮನೆಗೆ ಸೊಸೆಯಾಗಿ ಬಂದೆನಲ್ಲ ಎಂದು ಎದೆ ತುಂಬಿ ಬಂತು.

ಕರಿಬಸಪ್ಪ ಊರಿನವರನ್ನು ನೋಡಿದ. ಅವರು ನೆಲ ನೋಡುತ್ತಿದ್ದರು. ಕೊನೆಗೆ ಅವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಆಚೆ ಅಂಚಿಗೂ ಕೇಳುವಂತೆ ಹೇಳಿದ.

"ಕೇಸರಿಬಾಯಿ, ನೀ ಏನೂ ಮಾಡಿಲ್ಲ. ಮಾಡೀದಿ ಅಂದಾಂವ ನಾನು. ಆ ಮಾತು ನಾ ಹಿಂದಕ್ಕ ತಗೊಂಡೇನಿ."

ಕೇಸರಿಬಾಯಿ ಸೊಸೆಯ ಕೈ ಹುಡುಕಿ ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟಳು.

"ಆತ್ರಿ, ಸಾವಕಾರ್ರ" ಎಂದು ಗದ್ದೆಗೆ ಇಳಿದಳು.