ಕಿವಿ ಮೇಷ್ಟ್ರು ಹಿಡಿದ ಸದ್ದು

ನನಗೆ ಹೊಟ್ಟೆಕಿಚ್ಚಿಲ್ಲ ಎಂದು ಆ ವಾರ ಹೆಂಡತಿಗೆ ಹತ್ತು ಸಲ ಹೇಳಿದ್ದೆ. "ಇಲ್ಲದೇ ಇರೋದನ್ನ ಯಾಕ್ರೀ ಅಷ್ಟು ಸಲ ಹೇಳ್ತೀರಿ?" ಎಂದು ಅವಳು ಕೇಳಿದಳು.

ಇತ್ತು. ಹೊಟ್ಟೆ ಧಗಧಗ ಉರಿಯುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ನಾನು ಓಡಿಸುತ್ತಿರುವ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿನ ಹೊಸ ತಲೆಮಾರು ಬಂದಿತ್ತು. ಅದನ್ನು ಕೊಂಡವನು ನನ್ನ ಷಡ್ಡಕ, ನಾದಿನಿಯ ಗಂಡ, ಹಲ್ಲು ಕೀಳುವ ಡಾಕ್ಟರು. ಟೈರಿನ ಗಾಳಿಯನ್ನೂ ನನ್ನನ್ನು ಕೇಳಿಯೇ ತುಂಬಿಸುತ್ತಿದ್ದ ಮನುಷ್ಯ!

ಪೆಟ್ರೋಲ್ ಬಂಕಿನ ಹಿಂದಿನ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ಕಾರಿನ ಹುಚ್ಚು ಹಿಡಿದವರೆಲ್ಲ ಸೇರುತ್ತೇವೆ. ಅಲ್ಲಿ ನನಗೆ 'ಕಿವಿ ಮೇಷ್ಟ್ರು' ಎಂದು ಹೆಸರು. ಹೊಲಿಗೆ ಯಂತ್ರ ರಿಪೇರಿ ಮಾಡುವ ಕಿವಿ, ಸಣ್ಣ ಸದ್ದೂ ತಪ್ಪುವುದಿಲ್ಲ. ಹೊಸ ಗಾಡಿ ಯಾವುದೇ ಬರಲಿ, ನಾನು ಬಾನೆಟ್ ಮುಂದೆ ಕಣ್ಣು ಮುಚ್ಚಿ ನಿಂತು ಕೇಳಿ ತೀರ್ಪು ಕೊಡಬೇಕು. ನನಗಿರುವ ಮರ್ಯಾದೆಯೆಲ್ಲ ಅದೊಂದೇ.

ಆ ದಿನ ಅವನ ಕಾರಿನ ಪಕ್ಕದಲ್ಲೇ ನನ್ನದನ್ನು ನಿಲ್ಲಿಸಿ, ಬೇಕೆಂದೇ ಇಂಜಿನ್ ಆಫ್ ಮಾಡದೆ ಇಳಿದೆ. ಹಳೆಯದರ ಗತ್ತು ಎಲ್ಲರಿಗೂ ಕೇಳಲಿ ಎಂದು.

ಯಾರೂ ಇತ್ತ ತಿರುಗಲಿಲ್ಲ.

"ಹಿಂದಿನ ಲೈಟು ನೋಡ್ರೀ, ಹಳೇದರ ಥರಾನೇ ಗುಂಡಗಿದೆ," ಎಂದ ಫೋಟೋ ಸ್ಟುಡಿಯೋದವನು.

"ಗೇರ್ ಕೋಲೇ ಇಲ್ವಲ್ಲಪ್ಪ! ಕೈಗೇನು ಕೆಲಸ?" ಎಂದರು ನಿವೃತ್ತ ಪೋಸ್ಟ್‌ಮ್ಯಾನ್. ಆಮೇಲೆ ಅವರೇ ಸೀಟಿನ ಮೇಲೆ ಕೈಯಾಡಿಸುತ್ತಾ, "ಆದ್ರೂ ಏನ್ ಚೆಂದ ಮಾಡಿದಾರೆ ಕಳ್ಳರು," ಎಂದರು.

ಇದೇ ಪೋಸ್ಟ್‌ಮ್ಯಾನ್ ನನ್ನ ಸೀಟನ್ನು ಮುಟ್ಟಿ ಎಷ್ಟು ವರ್ಷವಾಯಿತೋ.

"ಅಣ್ಣ, ನೀವು ಕೇಳಿ ಹೇಳೋವರೆಗೂ ನನಗೆ ಸಮಾಧಾನ ಇಲ್ಲ," ಎಂದು ಷಡ್ಡಕ ಗುಂಡಿ ಒತ್ತಿದ. ಒಳಗೆ ದೀಪಗಳು ಹತ್ತಿದವು.

ಕಣ್ಣು ಮುಚ್ಚಿದೆ. ಮೈಯೆಲ್ಲ ಕಿವಿಯಾಗಿ ನಿಂತೆ. ಟಕ್, ಟಕ್, ಟಕ್. ಸಣ್ಣಗೆ, ಆದರೆ ಖಂಡಿತ ಇತ್ತು. ನಿಜ ಹೇಳುತ್ತೇನೆ, ಮಗಳು ಹುಟ್ಟಿದ ದಿನದ ನಂತರ ನನಗೆ ಅಷ್ಟು ಸಂತೋಷವಾದದ್ದು ಆಗಲೇ.

"ಇಂಜಿನ್ನಿನ ವಾಲ್ವ್ ಸಡಿಲ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಹೊಸ ಗಾಡಿಗೇ ಈ ಗತಿ. ತಗೊಂಡ್ ಹೋಗಿ ಶೋರೂಮಿನವರ ಮುಖಕ್ಕೆ ಹಿಡಿ."

ಎಲ್ಲರೂ ಬಗ್ಗಿ ಕಿವಿಗೊಟ್ಟರು. "ಹೌದು ಕಣ್ರೀ, ಬರ್ತಿದೆ! ಮೇಷ್ಟ್ರ ಕಿವಿ ಅಂದ್ರೆ ಕಿವಿ!" ಎಂದು ಪೋಸ್ಟ್‌ಮ್ಯಾನ್ ನನ್ನ ಬೆನ್ನು ತಟ್ಟಿದರು.

ಷಡ್ಡಕ ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದಂತೆ ಪಿಸುಗುಟ್ಟಿದ: "ಅಣ್ಣ, ಇದು ಮೊದಲು ಬ್ಯಾಟರೀಲಿ ಓಡುತ್ತೆ. ಇಂಜಿನ್ ಇನ್ನೂ ಶುರುವೇ ಆಗಿಲ್ಲ."

ಆಮೇಲೆ ದನಿ ಎತ್ತರಿಸಿ, "ಅಣ್ಣ ಹೇಳಿದ್ಮೇಲೆ ಮುಗೀತು. ನಾಳೇನೇ ತೋರಿಸ್ತೀನಿ," ಎಂದ.

ಕಾರು ಕೊಂಡದ್ದಾದರೂ ಹೋಗಲಿ, ಒಳ್ಳೆಯವನೂ ಆಗಿಬಿಟ್ಟನಲ್ಲ ಎಂದು ಇನ್ನಷ್ಟು ಉರಿಯಿತು. ಏನೂ ಆಗದವನಂತೆ ನನ್ನ ಕಾರಿನತ್ತ ನಡೆದೆ. ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿ ಎಳೆದುಕೊಂಡೆ.

ಬಯಲು ನಿಶ್ಶಬ್ದವಾಯಿತು.

"ಅರೆ!" ಎಂದರು ಪೋಸ್ಟ್‌ಮ್ಯಾನ್, ಇನ್ನೂ ಹೊಸ ಕಾರಿನ ಬಾನೆಟ್ಟಿಗೆ ಕಿವಿ ಇಟ್ಟುಕೊಂಡೇ. "ಸದ್ದು ನಿಂತೇ ಹೋಯ್ತಲ್ಲ ಮೇಷ್ಟ್ರೇ!"

ಒಬ್ಬೊಬ್ಬರಾಗಿ ಎಲ್ಲರೂ ತಿರುಗಿ ನನ್ನ ಕೈಯಲ್ಲಿದ್ದ ಕೀ ನೋಡಿದರು.