ವಾರಗಿತ್ತಿಯ ಕಿಟಕಿಯಲ್ಲಿದ್ದ ಟೊಮೆಟೊ ಸಸಿಗಳು

ಬೆಳಗ್ಗೆ ಹಿತ್ತಿಲ ಬಾಗಿಲು ತೆಗೆದ ಲುತ್ಸ್ಯಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮಡಿಯ ತುಂಬ ಟೊಮೆಟೊ ಸಸಿಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ನೆಲಕ್ಕಂಟಿದ್ದವು. ರಾತ್ರಿ ಹಿಮ ಬಿದ್ದಿತ್ತು.

"ಎಡೆಕ್!"

ಗಂಡ ಟೀ ಲೋಟ ಹಿಡಿದುಕೊಂಡೇ ಬಂದ. ನೋಡಿದ. ಲೋಟ ಕೆಳಗಿಟ್ಟ.

"ಇವನ್ನ ಹೊರಗೆ ನೆಡು ಅಂತ ಯಾರು ಹೇಳಿದ್ದು ನಿನಗೆ?" ಲುತ್ಸ್ಯಾ ರೇಗಿದಳು.

"ನಿನ್ನೆ ಬಿಸಿಲು ಚೆನ್ನಾಗಿತ್ತಲ್ಲ. ನೀನು ತಂಗಿ ಮನೆಯಿಂದ ಬಂದು ನೋಡಿದ್ರೆ ಖುಷಿಪಡ್ತೀಯ ಅಂತ..."

"ಖುಷಿ! ಮೇ ಮಧ್ಯದ ಸಂತ ಸೋಫಿಯಾ ದಿನ ಕಳೆಯೋ ತನಕ ಚಳಿ ನಂಬಬಾರದು ಅಂತ ಈ ಊರಿನ ನಾಯಿಗೂ ಗೊತ್ತು. ಇಷ್ಟು ವರ್ಷ ಇಲ್ಲಿ ಏನು ಕತ್ತೆ ಕಾಯ್ತಿದ್ಯಾ?"

ಬೇರೆ ಸಸಿಯಾಗಿದ್ದರೆ ಸಂತೆಯಲ್ಲಿ ತರಬಹುದಿತ್ತು. ಇದು ಅತ್ತೆಯ ಟೊಮೆಟೊ. ತಿಳಿಗುಲಾಬಿ ಬಣ್ಣ, ಅಂಗೈ ತುಂಬುವ ಗಾತ್ರ, ಆಲೂಗಡ್ಡೆ ಎಲೆಯಂಥ ಅಗಲ ಎಲೆ. ಸಾಯುವ ಮುಂಚೆ ಅತ್ತೆ ಬೀಜವನ್ನು ಇವಳ ಕೈಗೆ ಹಾಕಿ, "ಇದು ಅಳಿಯೋಕೆ ಬಿಡಬೇಡ" ಅಂದಿದ್ದಳು. ಮಿಕ್ಕ ಬೀಜವನ್ನು ಈ ಚಳಿಗಾಲದಲ್ಲಿ ಅಟ್ಟದ ಇಲಿ ತಿಂದಿತ್ತು. ಉಳಿದದ್ದು ಈ ಸಸಿಗಳಷ್ಟೇ.

ಎಡೆಕ್ ತಲೆ ಕೆರೆದುಕೊಂಡ. "ಬೊಗುಸ್ಯಾ ಅತ್ತಿಗೆ ಕಿಟಕಿಯಲ್ಲಿ ಇದೇ ಎಲೆ ನೋಡಿದ ಹಾಗಿತ್ತು."

"ಏನಂದೆ?"

ಬೊಗುಸ್ಯಾ ಅವಳ ಹಿರಿಯ ವಾರಗಿತ್ತಿ, ಬೇಲಿಯಾಚೆಯ ಮನೆಯವಳು. ಅವಳ ಕೋಳಿಗಳು ಲುತ್ಸ್ಯಾಳ ಮೂಲಂಗಿ ಮಡಿ ಕೆದಕಿದ್ದವು, ಲುತ್ಸ್ಯಾ ಬೀಸಿದ ಕಲ್ಲಿಗೆ ಒಂದು ಕೋಳಿ ಕುಂಟಾಯಿತು. ಅಂದಿನಿಂದ ಮಾತಿಲ್ಲ. ಈಗ ಲುತ್ಸ್ಯಾ ಕೆಸರು ಬೂಟಿನಲ್ಲೇ ಅವಳ ಅಡುಗೆಮನೆಗೆ ನುಗ್ಗಿದಳು. ಕಿಟಕಿಯ ಮೇಲೆ, ಮೊಸರಿನ ಡಬ್ಬಿಗಳಲ್ಲಿ, ಅದೇ ಅಗಲ ಎಲೆ.

"ಇವೆಲ್ಲಿಂದ ಬಂದವು ಅಕ್ಕಾ?"

"ಹೋದ ವರ್ಷ ಬೇಲಿ ಸಂದಿಯಲ್ಲಿ ನಿನ್ನದೊಂದು ಹಣ್ಣು ಈಚೆ ಬಾಗಿತ್ತು," ಬೊಗುಸ್ಯಾ ಹಿಟ್ಟು ನಾದುವ ಕೈ ನಿಲ್ಲಿಸಲಿಲ್ಲ. "ಕಿತ್ಕೊಂಡೆ, ಬೀಜ ಎತ್ತಿಟ್ಟೆ."

"ಕಳ್ಳಿ!"

"ಕೇಳಿದ್ರೆ ಕೊಡ್ತಿದ್ಯಾ?"

"ಸತ್ರೂ ಕೊಡ್ತಿರಲಿಲ್ಲ!"

"ಮತ್ತೆ? ಅವರು ನನಗೂ ಅತ್ತೆ ಕಣೇ. ಆ ಟೊಮೆಟೊ ತಿಂದೇ ನಾನೂ ಈ ಮನೆ ಸೊಸೆಯಾಗಿದ್ದು. ಬೀಜ ಮಾತ್ರ ನಿನ್ನ ಕೈಗೆ."

ಲುತ್ಸ್ಯಾಳಿಗೆ ಮೈಯೆಲ್ಲ ಉರಿಯಿತು. ಗಂಡನ ಮೇಲೆ, ಇಲಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಈ ಕಳ್ಳತನದಿಂದಲೇ ತಳಿ ಉಳಿದಿದೆ ಅನ್ನೋದರ ಮೇಲೆ. ಬಾಯಿ ಬಿಟ್ಟು ಕೇಳಲಾರಳು, ಬರಿಗೈಲಿ ಹೋಗಲಾರಳು.

ಬೊಗುಸ್ಯಾ ಕೈ ಒರೆಸಿಕೊಂಡು ಅರ್ಧ ಡಬ್ಬಿಗಳನ್ನು ಬುಟ್ಟಿಗೆ ಹಾಕಿ ಮುಂದೆ ತಳ್ಳಿದಳು.

"ಹಿಡಿ. ನಿನ್ನ ಗಂಡನ ಕೈಗೆ ಮಾತ್ರ ಕೊಡಬೇಡ. ಸಸಿ ಕೊಟ್ಟವರಿಗೆ ಉಪಕಾರ ಆಯ್ತು ಅಂದ್ರೆ ಅದು ಬೇರು ಹಿಡಿಯಲ್ಲ, ಕದ್ದದ್ದಾದ್ರೆ ಇನ್ನೂ ಚೆನ್ನಾಗಿ ಹಿಡಿಯುತ್ತೆ ಅಂತಾರೆ, ನೆನಪಿರಲಿ."

"ಹೇಳೋಕೆ ಯಾರು ಬಂದಿದ್ದಾರೆ ಇಲ್ಲಿ?"

ಬುಟ್ಟಿ ಕಂಕುಳಿಗೇರಿಸಿ ಅಂಗಳಕ್ಕಿಳಿದಳು. ಕುಂಟು ಕೋಳಿ ದಾರಿಗೆ ಅಡ್ಡ ಬಂತು, ಲುತ್ಸ್ಯಾ ಸುತ್ತಿ ನಡೆದಳು. ಬೇಲಿ ಬಾಗಿಲ ಹತ್ತಿರ ಬೊಗುಸ್ಯಾಳ ನವಿಲುಕೋಸಿನ ಮಡಿ, ಕೊಬ್ಬಿದ ಎಳೆ ಗಿಡಗಳು. ಲುತ್ಸ್ಯಾ ನಿಂತಳು. ಬೊಗುಸ್ಯಾ ಕಿಟಕಿಯಿಂದ ನೋಡುತ್ತಿದ್ದಾಳೆ ಅಂತ ಗೊತ್ತಿದ್ದೇ ಬಗ್ಗಿ, ಒಂದು ಗಿಡವನ್ನು ಮಣ್ಣಿನ ಸಮೇತ ಕಿತ್ತು ಬುಟ್ಟಿಗೆ ಹಾಕಿಕೊಂಡಳು.

ಬೊಗುಸ್ಯಾ ಮುಖ ಆಚೆ ತಿರುಗಿಸಿ, ಕೋಳಿಗಳನ್ನು ಜೋರಾಗಿ ಕರೆಯತೊಡಗಿದಳು.